ಪ್ಯಾಚ್ ಹಾಕಿಸೋದೇ ದಿನಾ ಒಂದು ರಂಪ: ಆಟ ಆಡಿಸಿ ಈ ಚಿಕಿತ್ಸೆ ದಾಟಿಸಿದವರು ಇದ್ದೀರಾ?

ಎರಡು ಜಡೆ ಅಮ್ಮ
ಮಗಳಿಗೆ ಐದೂವರೆ ವರ್ಷ. ಶಾಲೆಯಲ್ಲಿ ನಡೆದ ಕಣ್ಣಿನ ತಪಾಸಣೆಯಲ್ಲಿ ಎಡಗಣ್ಣಿಗೆ ಮೇಲಿನ ದೊಡ್ಡಕ್ಷರ ಬಿಟ್ಟರೆ ಕೆಳಗಿನ ಸಾಲು ಕಾಣ್ತಿಲ್ಲ ಅಂತ ಗೊತ್ತಾಯ್ತು. ಅಲ್ಲಿವರೆಗೆ ನಮಗೆ ಒಂದು ಸುಳಿವೂ ಇರಲಿಲ್ಲ. ಕಣ್ಣು ವಾರೆ ಇಲ್ಲ, ಎಡವಿ ಬೀಳೋದಿಲ್ಲ, ಚಿತ್ರ ಬರೆಯೋದರಲ್ಲಿ ಎಲ್ಲರಿಗಿಂತ ಮುಂದೆ. ಎರಡು ಕಣ್ಣಿನ ಪವರ್ ನಡುವೆ ತುಂಬಾ ಅಂತರ ಇರೋದರಿಂದ ಮಿದುಳು ಎಡಗಣ್ಣಿನ ಮಸುಕು ಚಿತ್ರವನ್ನ ತಗೊಳ್ಳೋದನ್ನೇ ಬಿಟ್ಟಿದೆ, ಇದು ಲೇಜಿ ಐ ಅಂತ ಡಾಕ್ಟರ್ ಹೇಳಿದರು.

ಮೊದಲ ನಾಲ್ಕು ತಿಂಗಳು ಬರೀ ಕನ್ನಡಕ. ಅಷ್ಟಕ್ಕೇ 6/36 ಇದ್ದದ್ದು 6/18ಕ್ಕೆ ಬಂತು (ಎರಡನೇ ಅಂಕಿ ಚಿಕ್ಕದಾದಷ್ಟೂ ನೋಟ ಚೆನ್ನ, 6/6 ಅಂದರೆ ಸರಿಯಾದ ನೋಟ). ಆಮೇಲೆ ಅಲ್ಲೇ ನಿಂತುಬಿಡ್ತು. ಈಗ ಎಡಗಣ್ಣು ಕೆಲಸ ಮಾಡಲಿ ಅಂತ ದಿನಕ್ಕೆ 2 ಗಂಟೆ ಬಲಗಣ್ಣಿಗೆ ಪ್ಯಾಚ್, ಅಂದರೆ ಕಣ್ಣು ಮುಚ್ಚೋ ಅಂಟುಪಟ್ಟಿ.

ಕಿತ್ತು ಎಸೀತಾಳೆ. ಅಂಚಿನಿಂದ ಇಣುಕ್ತಾಳೆ. ಮೊನ್ನೆ "ನನ್ನ ಒಳ್ಳೇ ಕಣ್ಣನ್ನ ಯಾಕಮ್ಮಾ ಮುಚ್ತೀಯಾ" ಅಂತ ಅತ್ತಳು, ನನಗೆ ಉತ್ತರ ತೋಚಲಿಲ್ಲ. ಗಡಿಯಾರ ನೋಡಿ ಲೆಕ್ಕ ಹಾಕಿದರೆ ದಿನಕ್ಕೆ 20 ನಿಮಿಷ ಕೂಡ ಆಗ್ತಿಲ್ಲ. ಒಂದಿನ ಸಾಕಾಗಿ ಕೈಗೆ ಫೋನ್ ಕೊಟ್ಟೆ, ಬಲೂನ್ ಒಡೆಯೋ ಆಟ. 50 ನಿಮಿಷ ಪ್ಯಾಚನ್ನ ಮುಟ್ಟಲೇ ಇಲ್ಲ!

ಈಗ ಮನೆಯಲ್ಲಿ ಎರಡು ಪಕ್ಷ. ಅವರಪ್ಪ "ಫೋನ್ ಚಟ ಹಿಡಿಸ್ತಿದ್ದೀಯ" ಅಂತಾರೆ. ನಾನು "ಕಣ್ಣು ಮುಖ್ಯ" ಅಂತೀನಿ. ಆಟ ಆಡ್ತಾ ಪ್ಯಾಚ್ ಹಾಕಿದರೆ ನಿಜಕ್ಕೂ ಹೆಚ್ಚು ಉಪಯೋಗವಾ, ಅಥವಾ ಬರೀ ಹೊತ್ತು ಕಳೆಯೋಕಾ? ಪ್ಯಾಚೇ ಬೇಡ, ಗೇಮ್ ಆಡಿದರೆ ಸಾಕು ಅನ್ನೋ ಜಾಹೀರಾತುಗಳು ಬರ್ತಾವಲ್ಲ, ಅವು ನಂಬೋ ಹಾಗಿವೆಯಾ? ಅನುಭವ ಇರೋರು ದಯವಿಟ್ಟು ಹೇಳಿ.

ಹಗಲುಗನಸು
ಅಕ್ಕಾ, ಇದೇ ರಂಪ ನಮ್ಮನೇಲಿ ಹನ್ನೊಂದು ತಿಂಗಳು ನಡೀತು. ಮಗನಿಗೆ ಆಗ ನಾಲ್ಕು ವರ್ಷ. ನಮಗೆ ಕೆಲಸಕ್ಕೆ ಬಂದದ್ದು ಒಂದು ಡಬ್ಬ. ಅದರೊಳಗೆ ಇದ್ದ ಸಾಮಾನು ಪ್ಯಾಚ್ ಹಾಕಿದಾಗ ಮಾತ್ರ ಹೊರಗೆ ಬರೋದು. ಗೋಲಿ ಓಡಿಸೋ ಚಕ್ರವ್ಯೂಹ, ಸಣ್ಣ ಮಣಿಗಳು, ಚುಕ್ಕಿ ಸೇರಿಸೋ ಪುಸ್ತಕ, ಎರಡು ಚಿತ್ರದಲ್ಲಿ ವ್ಯತ್ಯಾಸ ಹುಡುಕೋದು, ಒಂದು ಭೂತಗನ್ನಡಿ. ಪ್ಯಾಚ್ ತೆಗೆದ ಕೂಡಲೇ ಡಬ್ಬದ ಮುಚ್ಚಳ ಬಂದ್. ಅಳಲಿ, ಹೊರಳಾಡಲಿ, ನಾವು ಬಗ್ಗಲಿಲ್ಲ.

ಒಂದು ವಾರ ಕಷ್ಟ ಆಯ್ತು. ಎಂಟನೇ ದಿನ ಅವನೇ ಪ್ಯಾಚ್ ತಂದು ಕೈಗೆ ಕೊಟ್ಟ.

ನೇರಮಾತು
ಫೋನ್ ಬೇಡ ಅನ್ನೋ ಅಪ್ಪನ ಮಾತೇ ಸರಿ. ಒಂದು ಕಣ್ಣು ಸರಿ ಮಾಡೋಕೆ ಹೋಗಿ ಎರಡೂ ಕಣ್ಣು ಹಾಳು ಮಾಡ್ಕೊಳ್ತೀರಾ? ಐದು ವರ್ಷದ ಮಗು ಅಳ್ತಾಳೆ ಅಂತ ಸೋತು ಫೋನ್ ಕೊಟ್ಟರೆ ನಾಳೆ ಊಟಕ್ಕೂ ಫೋನ್, ನಿದ್ದೆಗೂ ಫೋನ್. ಗಟ್ಟಿಯಾಗಿ ಹೇಳಿ ಕೂರಿಸಿ.

ಎರಡು ಜಡೆ ಅಮ್ಮ
ಗಟ್ಟಿಯಾಗಿ ಹೇಳದೆ ಇದ್ದೀನಿ ಅಂದ್ಕೊಂಡ್ರಾ? ಕೈ ಹಿಡಿದು ಕೂರಿಸಿದ್ದೂ ಆಯ್ತು. ಪ್ಯಾಚ್ ಒಳಗೆ ಕಣ್ಣೀರು ತುಂಬಿ ಅಂಟು ಬಿಟ್ಟುಹೋಯ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಣ್ಣಳತೆ
ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣಿನ ನೋಟ ಪರೀಕ್ಷೆ ಮಾಡೋನು, ದಿನಾ ಇಂಥ ಮಕ್ಕಳನ್ನ ನೋಡ್ತೀನಿ. ನಿಮ್ಮ ಮಗುವಿಗೆ ಎಷ್ಟು ಹೊತ್ತು, ಏನು ಅನ್ನೋದನ್ನ ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಈ ಆಟದ ಪ್ರಶ್ನೆಗೆ ಒಳ್ಳೇ ಉತ್ತರ ಇದೆ.

ಹಿಂದೆ ನಾವೆಲ್ಲ "ಪ್ಯಾಚ್ ಹಾಕ್ಕೊಂಡು ಹತ್ತಿರದ ಕೆಲಸ ಮಾಡಿಸಿ, ಬಣ್ಣ ತುಂಬಿಸಿ, ಆಗಲೇ ಕಣ್ಣು ಬೇಗ ಸುಧಾರಿಸುತ್ತೆ" ಅಂತಿದ್ವಿ. ಅಮೆರಿಕದ ಪಿಡಿಗ್ ಅನ್ನೋ ಮಕ್ಕಳ ಕಣ್ಣಿನ ಸಂಶೋಧಕರ ಗುಂಪು ಇದನ್ನ ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. 3ರಿಂದ 7 ವರ್ಷದೊಳಗಿನ 425 ಮಕ್ಕಳು, ಎಲ್ಲರಿಗೂ ದಿನಕ್ಕೆ 2 ಗಂಟೆ ಪ್ಯಾಚ್. ಅರ್ಧ ಮಕ್ಕಳಿಗೆ ಹತ್ತಿರದ ಕೆಲಸ, ಇನ್ನರ್ಧಕ್ಕೆ ದೂರ ನೋಡೋ ಕೆಲಸ. 8 ವಾರದ ನಂತರ ಎರಡೂ ಗುಂಪು ಚಾರ್ಟಿನಲ್ಲಿ ಸುಮಾರು ಎರಡೂವರೆ ಸಾಲು ಮೇಲೆ ಬಂದಿದ್ದರು. ವ್ಯತ್ಯಾಸ ಇಲ್ಲ.

ಅಂದರೆ ಬಲೂನ್ ಒಡೆದರೂ ಸರಿ, ಕಿಟಕಿಯಾಚೆ ಹಕ್ಕಿ ಎಣಿಸಿದರೂ ಸರಿ. ಕಣ್ಣಿಗೆ ಬೇಕಾಗಿರೋದು ಕನ್ನಡಕದ ಜೊತೆ ಪ್ಯಾಚ್ ಹಾಕ್ಕೊಂಡು, ಇಣುಕದೆ, ಎಚ್ಚರವಾಗಿ ನೋಡ್ತಾ ಕಳೆದ ಹೊತ್ತು. ಆಟ ಆ ಹೊತ್ತನ್ನ ಗಳಿಸಿಕೊಡುತ್ತೆ, ಅದಕ್ಕೇ ಆಟ ಬೇಕು.

ಹಗಲುಗನಸು
ಹಾಗಾದರೆ ನಾನು ಕಷ್ಟಪಟ್ಟು ಮಣಿ ಪೋಣಿಸಿದ್ದು, ಚುಕ್ಕಿ ಸೇರಿಸಿದ್ದು ಎಲ್ಲ ಬೇಕಿರಲಿಲ್ವಾ ಸರ್?

ಕಣ್ಣಳತೆ
ಬೇಕಿತ್ತು. ನಿಮ್ಮ ಮಗ ಪ್ಯಾಚ್ ತೆಗೆಯದೆ ಕೂತಿದ್ದೇ ಆ ಮಣಿಗಳಿಗಾಗಿ. ಬ್ರಿಟನ್ನಿನಲ್ಲಿ ಮೋಟಾಸ್ ಅನ್ನೋ ಅಧ್ಯಯನ ನಡೀತು. ಪ್ಯಾಚಿಗೇ ಒಂದು ಸಣ್ಣ ಎಲೆಕ್ಟ್ರಾನಿಕ್ ಮಾಪಕ ಜೋಡಿಸಿ, ಮಗು ನಿಜಕ್ಕೂ ಎಷ್ಟು ಹೊತ್ತು ಹಾಕ್ಕೊಂಡಿದೆ ಅಂತ ಅಳೆದರು. ಡಾಕ್ಟರ್ ಹೇಳಿದ ಹೊತ್ತಿನಲ್ಲಿ ಸರಾಸರಿ 48% ಮಾತ್ರ ಆಗಿತ್ತು. ಅರ್ಧವೂ ಇಲ್ಲ. ಚಾರ್ಟಿನಲ್ಲಿ ಒಂದು ಸಾಲು ಮೇಲೇರೋಕೆ ಸುಮಾರು 120 ಗಂಟೆ ಪ್ಯಾಚ್ ಬೇಕಾಗುತ್ತೆ ಅಂತಲೂ ಅದೇ ಅಧ್ಯಯನ ಲೆಕ್ಕ ಕೊಟ್ಟಿತು. ಚಿಕ್ಕ ಮಕ್ಕಳಲ್ಲಿ ಇನ್ನೂ ಬೇಗ ಆಗಬಹುದು.

ಈಗ ಮೇಡಂ ಅವರ ಮನೆಯ ಲೆಕ್ಕ ನೋಡಿ. ದಿನಕ್ಕೆ 2 ಗಂಟೆಯಾದರೆ 120 ಗಂಟೆಗೆ ಎರಡು ತಿಂಗಳು. ದಿನಕ್ಕೆ 20 ನಿಮಿಷವಾದರೆ? ಒಂದು ವರ್ಷ.

ಎರಡು ಜಡೆ ಅಮ್ಮ
ಒಂದು ವರ್ಷ ಅನ್ನೋದು ಓದಿ ಎದೆ ಧಸಕ್ ಅಂತು. ಈ ಲೆಕ್ಕವನ್ನ ಅವರಪ್ಪನಿಗೂ ತೋರಿಸಿದೆ.

ಸಂಜಿಮಲ್ಲಿಗಿ
ನಮ್ಮ ಹುಡುಗಂಗ ಪ್ಯಾಚ್ ಅಂದ್ರ ಸಾಕ್ರಿ, ಮನಿ ತುಂಬ ಓಡ್ಯಾಡಿ ಬಿಡ್ತಿದ್ದ. ಮ್ಯಾಲೆ ಚರ್ಮ ಕೆಂಪಗಾಗಿ ಗುಳ್ಳಿ ಏಳತಿದ್ವು. ಕಡೀಕ ಡಾಕ್ಟರ್ರು ಆಟ್ರೊಪಿನ್ ಹನಿ ಬರದ ಕೊಟ್ರು. ಚಲೋ ಕಣ್ಣಿಗೆ ಶನಿವಾರ ಐತವಾರ ಎರಡ ದಿನ ಹನಿ. ಹತ್ರದ್ದು ಆ ಕಣ್ಣಿಗೆ ಮಸುಕ ಕಾಣ್ತದ, ಹಂಗಾಗಿ ಇನ್ನೊಂದ ಕಣ್ಣು ಕೆಲಸಾ ಮಾಡ್ತದ. ಕಿತ್ತ ಒಗಿಯಾಕ ಏನೂ ಇಲ್ಲ, ಇಣುಕಾಕೂ ಬರೂದಿಲ್ಲ. ಬಿಸಲಾಗ ಕಣ್ಣ ಚುಚ್ಚತಿತ್ತು, ಟೊಪಗಿ ಹಾಕಿ ಕಳಸ್ತಿದ್ವಿ. ನಿಮ್ಮ ಡಾಕ್ಟರ್ರನ್ನ ಒಮ್ಮೆ ಕೇಳಿ ನೋಡ್ರಿ ಅಕ್ಕಾರ.

ಕಣ್ಣಳತೆ
ಸಂಜಿಮಲ್ಲಿಗಿಯವರು ಹೇಳಿದ್ದು ಸರಿ. 7 ವರ್ಷದೊಳಗಿನ ಮಕ್ಕಳಲ್ಲಿ, ಮಧ್ಯಮ ಪ್ರಮಾಣದ ತೊಂದರೆಗೆ, ಹನಿ ಮತ್ತು ಪ್ಯಾಚ್ ಆರು ತಿಂಗಳಲ್ಲಿ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು ಅಂತ 2002ರಲ್ಲೇ ಬಂತು. ವಾರಾಂತ್ಯ ಮಾತ್ರ ಹಾಕಿದರೂ ದಿನಾ ಹಾಕಿದಷ್ಟೇ ಕೆಲಸ ಮಾಡುತ್ತೆ ಅಂತ 2004ರಲ್ಲಿ. ಆದರೆ ಅದು ಔಷಧಿ. ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬೇಡಿ. ಬಾಟಲಿ ಮಕ್ಕಳ ಕೈಗೆ ಎಂದಿಗೂ ಸಿಗಬಾರದು, ನುಂಗಿದರೆ ಅಪಾಯ.

ನೇರಮಾತು
ಸರಿ, ಹೊತ್ತು ಮುಖ್ಯ ಅಂತ ಒಪ್ಪಿದೆ. ಆದರೂ ಫೋನೇ ಯಾಕೆ? ಮಣಿ ಇದೆ, ಗೋಲಿ ಇದೆ ಅಂತ ನೀವೇ ಹೇಳ್ತಿದ್ದೀರಲ್ಲ.

ಪುಟ್ಟಹೆಜ್ಜೆ
ಯಾಕಂದ್ರೆ ಕೆಲಸದಿಂದ ಬಂದು ಅಡುಗೆ ಮಾಡ್ತಾ 2 ಗಂಟೆ ಮಣಿ ಪೋಣಿಸೋಕೆ ಪಕ್ಕದಲ್ಲಿ ಕೂರೋರು ಎಲ್ಲರ ಮನೇಲೂ ಇರಲ್ಲ ಸರ್.

ಕೋಡುಗಾರ
ನಾನು ಆಟಗಳನ್ನ ತಯಾರಿಸೋ ಕೆಲಸದವನು. ತಂಗಿ ಮಗನಿಗೆ ಈ ತೊಂದರೆ ಇದ್ದದ್ದರಿಂದ "ಪ್ಯಾಚ್ ಬೇಡ, ಗೇಮ್ ಸಾಕು" ಅನ್ನೋ ವಿಚಾರದ ಬೆನ್ನು ಹತ್ತಿದ್ದೆ.

ಅದರ ಕಲ್ಪನೆ ತುಂಬಾ ಸೊಗಸಾಗಿದೆ. ಪ್ಯಾಚ್ ಒಂದು ಕಣ್ಣನ್ನ ಮುಚ್ಚುತ್ತೆ. ಆದರೆ ತೊಂದರೆ ಇರೋದು ಎರಡು ಕಣ್ಣು ಕೂಡಿ ಕೆಲಸ ಮಾಡೋದರಲ್ಲಿ. ಹಾಗಾಗಿ ಕೆಂಪು-ಹಸಿರು ಕನ್ನಡಕ ಅಥವಾ ವಿಆರ್ ಹೆಡ್‌ಸೆಟ್ (ಕಣ್ಣಿನ ಮುಂದೆಯೇ ಪರದೆ ಇರೋ ತಲೆಪಟ್ಟಿ) ಹಾಕಿಸಿ, ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸ್ತಾರೆ. ಮೇಲಿಂದ ಬೀಳೋ ಇಟ್ಟಿಗೆ ಜೋಡಿಸೋ ಆಟ ಗೊತ್ತಲ್ಲ? ಅದರಲ್ಲಿ ಕೆಲವು ಇಟ್ಟಿಗೆ ಬರೀ ದುರ್ಬಲ ಕಣ್ಣಿಗೆ, ಗಾಢವಾಗಿ. ಇನ್ನು ಕೆಲವು ಬರೀ ಬಲವಾದ ಕಣ್ಣಿಗೆ, ಮಂಕಾಗಿ. ಎರಡೂ ಕಣ್ಣು ಕೂಡಿದರೆ ಮಾತ್ರ ಗೆಲುವು. ದಿನ ಕಳೆದ ಹಾಗೆ ಮಂಕಾಗಿದ್ದದ್ದನ್ನ ಸ್ವಲ್ಪ ಸ್ವಲ್ಪವೇ ಗಾಢ ಮಾಡ್ತಾ ಹೋಗೋದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರಾಬರ್ಟ್ ಹೆಸ್ ಅವರ ತಂಡ ಇದರಲ್ಲಿ ಮೊದಲಿಗರು. 2013ರಲ್ಲಿ ದೊಡ್ಡವರ ಮೇಲೆ ಮಾಡಿದ ಸಣ್ಣ ಪ್ರಯೋಗದ ಫಲ ನೋಡಿ ಎಲ್ಲರಿಗೂ ಹುರುಪು ಬಂತು.

ಆಮೇಲೆ ದೊಡ್ಡ ಪರೀಕ್ಷೆಗಳು ಬಂದವು. ಪಿಡಿಗ್ ಗುಂಪು 5ರಿಂದ 12 ವರ್ಷದ 385 ಮಕ್ಕಳಲ್ಲಿ ದಿನಕ್ಕೆ 1 ಗಂಟೆ ಐಪ್ಯಾಡ್ ಆಟವನ್ನ 2 ಗಂಟೆ ಪ್ಯಾಚಿನ ಎದುರು ಇಟ್ಟು ನೋಡಿತು, 2016. ಚಾರ್ಟಿನಲ್ಲಿ ಪ್ಯಾಚ್ ಗುಂಪು 1.35 ಸಾಲು, ಆಟದ ಗುಂಪು 1.05 ಸಾಲು ಮೇಲೇರಿತು. ಆಟ ಪ್ಯಾಚಿಗೆ ಸಮ ಅಂತ ಸಾಬೀತಾಗಲಿಲ್ಲ. ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಐಪ್ಯಾಡಿನ ದಾಖಲೆ ತೆಗೆದು ನೋಡಿದರೆ, ಹೇಳಿದ ಹೊತ್ತಿನ ಮುಕ್ಕಾಲಿಗಿಂತ ಹೆಚ್ಚು ಆಡಿದ ಮಕ್ಕಳು 22% ಮಾತ್ರ!

ಆಟ ಅಂತ ಕೊಟ್ಟಿದ್ದನ್ನೇ ಮಕ್ಕಳು ಆಡಲಿಲ್ಲ. ತಂಗಿ ಮಗನೂ ಮೂರನೇ ವಾರಕ್ಕೆ "ಮಾಮ, ಇದು ಮುಗಿಯೋದೇ ಇಲ್ಲ" ಅಂದ. ಅವನು ಹೇಳಿದ್ದು ನಿಜ. ಅದೇ ಇಟ್ಟಿಗೆ, ಅದೇ ಸದ್ದು, ಯಾವ ಊರೂ ಸಿಗಲ್ಲ, ಯಾವ ಬಾಗಿಲೂ ತೆರೆಯಲ್ಲ.

ಎರಡು ಜಡೆ ಅಮ್ಮ
ಹಾಗಾದರೆ ಆ ಹೆಡ್‌ಸೆಟ್ ವಿಚಾರ ಪೂರ್ತಿ ಸುಳ್ಳಾ?

ಕೋಡುಗಾರ
ಖಂಡಿತ ಅಲ್ಲ. ಡಲ್ಲಾಸಿನ ಸಂಶೋಧಕರು ಬೇಸರದ ವಿಷಯವನ್ನೇ ಮನಸ್ಸಿಗೆ ತಗೊಂಡು ಗಣಿ ಅಗೆದು ಚಿನ್ನ ತೆಗೆಯೋ ಸಾಹಸದ ಆಟ ಬಳಸಿದರು. 28 ಮಕ್ಕಳು, ಎರಡೇ ವಾರ: ಆಟಕ್ಕೆ 1.5 ಸಾಲು, ಪ್ಯಾಚಿಗೆ 0.7. ಆದರೆ ಅದೇ ಆಟವನ್ನ 7ರಿಂದ 12 ವರ್ಷದ 138 ಮಕ್ಕಳಿಗೆ ಕೊಟ್ಟಾಗ ಬರೀ ಕನ್ನಡಕಕ್ಕಿಂತ ಹೆಚ್ಚೇನೂ ಸಿಗಲಿಲ್ಲ, 2019.

ಲುಮಿನೋಪಿಯ ಅಂತ ಒಂದಿದೆ. ಅದರಲ್ಲಿ ಆಟವೇ ಇಲ್ಲ. ಮಗು ತನಗಿಷ್ಟದ ಕಾರ್ಟೂನನ್ನ ಹೆಡ್‌ಸೆಟ್‌ನಲ್ಲಿ ನೋಡುತ್ತೆ, ಎರಡು ಕಣ್ಣಿಗೆ ಹೋಗೋ ಚಿತ್ರವನ್ನ ಯಂತ್ರ ಬದಲಾಯಿಸ್ತಿರುತ್ತೆ. ದಿನಕ್ಕೆ 1 ಗಂಟೆ, ವಾರಕ್ಕೆ 6 ದಿನ. 4ರಿಂದ 7 ವರ್ಷದ 105 ಮಕ್ಕಳಲ್ಲಿ 12 ವಾರಕ್ಕೆ 1.8 ಸಾಲು, ಬರೀ ಕನ್ನಡಕ ಹಾಕಿದವರಲ್ಲಿ 0.8. 2021ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಗಮನಿಸಿ, ಅಲ್ಲಿ ಹೋಲಿಸಿದ್ದು ಕನ್ನಡಕದ ಜೊತೆ, ಪ್ಯಾಚಿನ ಜೊತೆ ಅಲ್ಲ. ಮತ್ತೆ ಅದು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಸಿಗೋ ಚಿಕಿತ್ಸೆ. ಫೋನಿಗೆ ಇಳಿಸಿಕೊಳ್ಳೋ "ಕಣ್ಣಿನ ವ್ಯಾಯಾಮ" ಆಪ್‌ಗಳನ್ನ ಇದರ ಪಕ್ಕದಲ್ಲಿ ಇಡಬೇಡಿ.

ಕಣ್ಣಳತೆ
ಕೊನೆಯ ವಾಕ್ಯವನ್ನ ನಮ್ಮ ಕ್ಲಿನಿಕ್ಕಿನ ಗೋಡೆ ಮೇಲೆ ಬರೆಸಬೇಕು ಅನ್ನಿಸ್ತು. ಆಪ್ ನಂಬಿ ಪ್ಯಾಚ್ ಬಿಟ್ಟು ಎಂಟು ತಿಂಗಳು ಕಳಕೊಂಡು ಬಂದ ಮಗುವನ್ನ ಕಣ್ಣಾರೆ ನೋಡಿದ್ದೀನಿ.

ಮೂರನೇ ಸಾಲು
ನನಗೀಗ 34. ಬಲಗಣ್ಣಿನಲ್ಲಿ ಚಾರ್ಟಿನ ಮೂರನೇ ಸಾಲು ದಾಟಲ್ಲ. ಯಾವ ಕನ್ನಡಕ ಹಾಕಿದರೂ ಅಷ್ಟೇ.

ಆರನೇ ವಯಸ್ಸಿನಲ್ಲಿ ನನಗೂ ಪ್ಯಾಚ್ ಕೊಟ್ಟಿದ್ದರು. ಅಮ್ಮ ಹಾಕಿ ಕೆಲಸಕ್ಕೆ ಹೋದ ಕೂಡಲೇ ತೆಗೆದು ಬೀರುವಿನ ಹಿಂದೆ ಅಂಟಿಸ್ತಿದ್ದೆ. ಅಮ್ಮ ಬರೋ ಹೊತ್ತಿಗೆ ಹೊಸದೊಂದು ಹಾಕ್ಕೊಂಡು ಕೂರ್ತಿದ್ದೆ. ವರ್ಷಗಳ ನಂತರ ಮನೆ ಬದಲಾಯಿಸುವಾಗ ಬೀರು ಸರಿಸಿದರು. ಗೋಡೆ ತುಂಬ ಒಣಗಿದ ಪ್ಯಾಚ್‌ಗಳು. ಅಮ್ಮ ಬೈಯಲಿಲ್ಲ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಸೂಜಿಗೆ ದಾರ ಹಾಕೋಕೆ, ಎಸೆದ ಚೆಂಡು ಹಿಡಿಯೋಕೆ, ಲೋಟಕ್ಕೆ ನೀರು ಬಗ್ಗಿಸೋಕೆ ಅಂದಾಜು ತಪ್ಪುತ್ತೆ. ನಾನು ಯಾರನ್ನೂ ದೂರೋದಿಲ್ಲ. ಆದರೆ ಯಾಕೆ ಹಾಕ್ಕೋಬೇಕು ಅಂತ ನನಗೆ ಅವತ್ತು ಯಾರೂ ಹೇಳಿರಲಿಲ್ಲ. ಕಣ್ಣಿಗೆ ಏನೋ ಶಿಕ್ಷೆ ಅಂದುಕೊಂಡಿದ್ದೆ. ಅಕ್ಕಾ, ನಿಮ್ಮ ಮಗಳು "ಯಾಕೆ ಮುಚ್ತೀಯಾ" ಅಂತ ಕೇಳಿದಳಲ್ಲ, ಅದಕ್ಕೆ ಮೊದಲು ಉತ್ತರ ಕೊಡಿ. ಆಟ ಆಮೇಲೆ.

ಎರಡು ಜಡೆ ಅಮ್ಮ
ಓದ್ತಾ ಕಣ್ಣು ತುಂಬಿ ಬಂತು. ಐದೂವರೆ ವರ್ಷದವಳಿಗೆ ಮಿದುಳು, ನರ ಅಂತ ಹೇಗೆ ಹೇಳೋದು?

ಗುಬ್ಬಿಗೂಡು
ಟೀಚರ್ ಆಗಿ ಹೇಳ್ತೀನಿ, ಮಕ್ಕಳಿಗೆ ನಾವಂದುಕೊಂಡಿದ್ದಕ್ಕಿಂತ ಜಾಸ್ತಿ ಅರ್ಥ ಆಗುತ್ತೆ. ನನ್ನ ತರಗತಿಯಲ್ಲಿ ಪ್ಯಾಚ್ ಹಾಕೋ ಹುಡುಗ ಇದ್ದ. "ನಿನ್ನ ಎರಡು ಕಣ್ಣೂ ತರಗತಿಯಲ್ಲಿ ಕೂತಿರೋ ಇಬ್ಬರು ಮಕ್ಕಳು. ಒಂದು ಯಾವಾಗಲೂ ಮೊದಲು ಕೈ ಎತ್ತುತ್ತೆ. ಟೀಚರ್ ಅದನ್ನೇ ಕೇಳ್ತಾರೆ. ಇನ್ನೊಂದಕ್ಕೆ ಉತ್ತರ ಹೇಳೋ ಅವಕಾಶವೇ ಸಿಗಲ್ಲ. ಈಗ 2 ಗಂಟೆ ಮೊದಲನೆಯದು ಸುಮ್ಮನಿರಲಿ, ಇದು ಉತ್ತರ ಹೇಳಲಿ" ಅಂದೆ. ತಕ್ಷಣ ಅರ್ಥ ಮಾಡಿಕೊಂಡ. ಮಾರನೇ ದಿನ ಪಕ್ಕದ ಹುಡುಗಿಗೆ ಅವನೇ ವಿವರಿಸ್ತಿದ್ದ.

ಕಣ್ಣಳತೆ
ಟೀಚರ್, ಇದನ್ನ ನಾನು ನಾಳೆಯಿಂದಲೇ ಬಳಸ್ತೀನಿ.

ನೆದರ್ಲೆಂಡ್ಸಿನಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ಮಗುವಿಗಾಗಿ ಚಿತ್ರಕಥೆ, ಬಹುಮಾನದ ಸ್ಟಿಕ್ಕರ್, ಕ್ಯಾಲೆಂಡರು, ಪೋಷಕರಿಗೆ ಒಂದು ಹಾಳೆ ಮಾಹಿತಿ ಕೊಟ್ಟರು. ಪ್ಯಾಚ್ ಹೊತ್ತನ್ನ ಯಂತ್ರದಲ್ಲೇ ಅಳೆದರು. ಡಾಕ್ಟರ್ ಹೇಳಿದ ಹೊತ್ತಿನಲ್ಲಿ ಇದನ್ನೆಲ್ಲ ಕೊಟ್ಟ ಮಕ್ಕಳು 78%, ಕೊಡದ ಮಕ್ಕಳು 57% ಹಾಕ್ಕೊಂಡಿದ್ದರು. 2006ರ ಫಲಿತಾಂಶ. ಒಂದು ಚಿತ್ರಪುಸ್ತಕ, ಕೆಲವು ಸ್ಟಿಕ್ಕರ್, ಅಷ್ಟೇ.

ನೇರಮಾತು
ಸ್ಟಿಕ್ಕರ್ ಕೊಡೋದು ಲಂಚ ಅಲ್ವಾ? ನಾಳೆ ಹಲ್ಲುಜ್ಜೋಕೂ ಕೇಳ್ತಾಳೆ.

ಸಂಜಿಮಲ್ಲಿಗಿ
ಲಂಚ ಅಲ್ರಿ ಅಣ್ಣಾರ. ದೊಡ್ಡವರು ಮಾಡೂ ಕೆಲಸಕ್ಕ ಪಗಾರ ತಗೋತೇವಿಲ್ಲೋ? ಆ ಕೂಸು ದಿನಾ ಎರಡ ತಾಸು ಮಸುಕ ಮಸುಕ ನೋಡಕೊಂತ ಕುಂದರೂದು ಸಣ್ಣ ಕೆಲಸ ಏನ್ರಿ?

ಪುಟ್ಟಹೆಜ್ಜೆ
+1. ನೇರಮಾತು ಸರ್, ನೀವೊಮ್ಮೆ ಮಸುಕಾದ ಕನ್ನಡಕ ಹಾಕ್ಕೊಂಡು 2 ಗಂಟೆ ಕೂತು ನೋಡಿ.

ಪದಪ್ರೇಮಿ
ಸ್ವಲ್ಪ ಬೇರೆ ವಿಷಯ. ಇದಕ್ಕೆ "ಸೋಮಾರಿ ಕಣ್ಣು" ಅಂತ ಕನ್ನಡ ಮಾಡೋದನ್ನ ನಿಲ್ಲಿಸಬೇಕು. ಮಗುವಿನ ಕಿವಿಗೆ "ಸೋಮಾರಿ" ಅಂತ ಮಾತ್ರ ಬೀಳುತ್ತೆ. ಕಣ್ಣು ಸೋಮಾರಿಯಾಗಿಲ್ಲ, ಅದಕ್ಕೆ ಕೆಲಸ ಸಿಕ್ಕಿಲ್ಲ. ವೈದ್ಯರ ಆಂಬ್ಲಿಯೋಪಿಯಾ ಅನ್ನೋ ಹೆಸರಿನ ಗ್ರೀಕ್ ಮೂಲಕ್ಕೆ ಮೊಂಡಾದ ನೋಟ ಅಂತ ಅರ್ಥ. ನಮ್ಮಲ್ಲಿ "ಮಂದದೃಷ್ಟಿ" ಇದೆ, ಅದೇ ಬಳಸಬಹುದು.

ಹಗಲುಗನಸು
ಮಂದದೃಷ್ಟಿ ಅಂದ್ರೆ ವಯಸ್ಸಾದವರ ಕಣ್ಣು ಅನ್ಸುತ್ತೆ. ನನ್ನ ಮಗ ಅದನ್ನ "ಕಲಿಯೋ ಕಣ್ಣು" ಅಂತಿದ್ದ, ಅದು ನಮ್ಮನೇಲಿ ಉಳಿದುಹೋಯ್ತು.

ಪದಪ್ರೇಮಿ
ಕಲಿಯೋ ಕಣ್ಣು! ನನ್ನ ಮಾತು ಹಿಂತಗೊಂಡೆ, ಇದೇ ಚೆನ್ನಾಗಿದೆ.

ತಾತನ ಕೋಲು
ನಾನು ವಯಸ್ಸಾದವನು, ಮೊಮ್ಮಗಳ ಪ್ಯಾಚಿನ ಹೊತ್ತು ನನ್ನ ಪಾಲಿಗೆ ಬಂದಿತ್ತು. ಅವಳ ಜೊತೆ ನಾನೂ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದೆ. ಮೊದಲು ಚೆಂಡು ಹಿಡಿಯುವ ಆಟ ಆಡಿದೆವು. ಇಬ್ಬರಿಗೂ ಚೆಂಡು ಕೈಗೆ ಸಿಗಲಿಲ್ಲ. ಒಂದು ಕಣ್ಣು ಮುಚ್ಚಿದರೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ ಎಂದು ಆಗ ತಿಳಿಯಿತು. ಮಗು ಸೋತು ಅಳತೊಡಗಿದಾಗ ಆ ಆಟ ಬಿಟ್ಟೆ. ಆಮೇಲೆ ಹಾವು ಏಣಿ, ಜೋಡಿ ಚೀಟಿ ಹುಡುಕುವುದು, ಒಗಟು. ಮನೆಯೊಳಗೆ ನಾನು ಒಂದು ಸಣ್ಣ ವಸ್ತು ಅಡಗಿಸಿಟ್ಟು "ಬಿಸಿ, ತಣ್ಣಗೆ" ಹೇಳುತ್ತಾ ಹುಡುಕಿಸುವುದು. ಈ ಕೊನೆಯದರಲ್ಲಿ ಒಂದೂವರೆ ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ.

ಮೆಟ್ಟಿಲಿನ ಹತ್ತಿರ, ಸೈಕಲ್ ಮೇಲೆ ಮಾತ್ರ ಪ್ಯಾಚ್ ಹಾಕಿ ಬಿಡಬೇಡಿ ಮಗಳೇ. ಬಿದ್ದರೆ ಕಷ್ಟ.

ಕೋಡುಗಾರ
ಅಜ್ಜಾ, ನಾನು ಹತ್ತು ವರ್ಷದಲ್ಲಿ ಕಲಿತದ್ದನ್ನ ನೀವು ಒಂದೇ ಮಾತಿನಲ್ಲಿ ಹೇಳಿದ್ರಿ. ಸೋಲ್ತಾನೇ ಇದ್ದರೆ ಮಗು ಆಟ ಬಿಡುತ್ತೆ. ದುರ್ಬಲ ಕಣ್ಣಿಗೆ ಕಷ್ಟಪಟ್ಟರೆ ಕಾಣೋ ಅಳತೆಯ ಚಿತ್ರ, ಅಕ್ಷರ ಇರಬೇಕು. ತೀರಾ ಸಣ್ಣದಾದರೆ ಸೋಲು, ತೀರಾ ದೊಡ್ಡದಾದರೆ ಬೇಸರ.

ಇನ್ನೊಂದು ವಿಷಯ, ಒಂದೇ ಆಟವನ್ನ ದಿನಾ ಕೊಡಬೇಡಿ. ನಾಲ್ಕೈದು ಇಟ್ಟುಕೊಂಡು ಸುತ್ತಿಸಿ, ಒಂದನ್ನ ಎರಡು ವಾರ ಬಚ್ಚಿಡಿ. ಮತ್ತೆ ತೆಗೆದಾಗ ಹೊಸದೇ ಆಗಿರುತ್ತೆ.

ಬೆಳಗಿನ ಬಸ್ಸು
ನಮ್ಮ ಹುಡುಗನಿಗೆ 9 ವರ್ಷ, ಈಗ ಗೊತ್ತಾಗಿದೆ. 7 ಆದ ಮೇಲೆ ಏನೂ ಮಾಡೋಕಾಗಲ್ಲ ಅಂತ ನೆಂಟರೆಲ್ಲ ಹೇಳ್ತಿದ್ದಾರೆ. ನಿಜವಾ?

ಕಣ್ಣಳತೆ
ನಿಜ ಅಲ್ಲ. ನಾಳೆಯೇ ಶುರು ಮಾಡಿ. ಬೇಗ ಶುರುವಾದಷ್ಟೂ ಒಳ್ಳೇದು ಅನ್ನೋದು ಸರಿ. ಹ್ಯೂಬೆಲ್ ಮತ್ತು ವೀಸೆಲ್ ಅನ್ನೋ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ಮಾಡಿದ ಕೆಲಸದಿಂದ, ಎಳೆ ವಯಸ್ಸಿನಲ್ಲಿ ಒಂದು ಕಣ್ಣಿಗೆ ನೋಟ ಸಿಗದಿದ್ದರೆ ಮಿದುಳು ಆ ಕಣ್ಣಿನ ಪಾಲನ್ನ ಇನ್ನೊಂದಕ್ಕೆ ಬಿಟ್ಟುಕೊಡುತ್ತೆ ಅಂತ ಗೊತ್ತಾಯ್ತು. ಅವರಿಗೆ 1981ರಲ್ಲಿ ನೊಬೆಲ್ ಬಂತು. ಆದರೆ 7ಕ್ಕೆ ಬಾಗಿಲು ಧಡಾರನೆ ಮುಚ್ಚಿಕೊಳ್ಳಲ್ಲ. 2005ರ ಅಧ್ಯಯನದಲ್ಲಿ 7ರಿಂದ 12 ವರ್ಷದವರಿಗೆ ಕನ್ನಡಕದ ಜೊತೆ ಪ್ಯಾಚ್, ಹನಿ ಕೊಟ್ಟಾಗ 53% ಮಕ್ಕಳಲ್ಲಿ ಒಳ್ಳೆ ಸುಧಾರಣೆ ಕಂಡಿತು. ಬರೀ ಕನ್ನಡಕದಲ್ಲಿ 25%.

ಬೆಳಗಿನ ಬಸ್ಸು
ತುಂಬಾ ಧನ್ಯವಾದ ಸರ್. ಮನೆಯವರಿಗೆಲ್ಲ ಓದಿ ಹೇಳಿದೆ.

ಪುಟ್ಟಹೆಜ್ಜೆ
ಪ್ಯಾಚ್ ಶಾಲೆಯಲ್ಲಿ ಹಾಕಿಸಬೇಕಾ, ಮನೆಯಲ್ಲಾ? ನಮಗೆ ಶಾಲೆಯಲ್ಲೇ ಸುಲಭ ಆಯ್ತು, ಟೀಚರ್ ಮಾತಿಗೆ ಎದುರಾಡಲ್ಲ.

ಗುಬ್ಬಿಗೂಡು
ಮಗು ನೋಡಿ ತೀರ್ಮಾನ ಮಾಡಿ. ದುರ್ಬಲ ಕಣ್ಣಿಗೆ ಬೋರ್ಡೇ ಕಾಣದಿದ್ದರೆ ಪಾಠವೂ ಹೋಗುತ್ತೆ, ಪಕ್ಕದವರ ಅಣಕವೂ ಸೇರಿಕೊಳ್ಳುತ್ತೆ. ಸ್ವಲ್ಪ ಸುಧಾರಿಸಿದ ಮೇಲೆ ಶಾಲೆಯಲ್ಲಿ ಹಾಕಬಹುದು. ಟೀಚರಿಗೆ ಮೊದಲೇ ತಿಳಿಸಿ, ಮುಂದಿನ ಬೆಂಚಿನಲ್ಲಿ ಕೂರಿಸ್ತಾರೆ.

ಎರಡು ಜಡೆ ಅಮ್ಮ (ಮೂರು ವಾರದ ನಂತರ)
ಎಲ್ಲರಿಗೂ ಏನಾಯ್ತು ಅಂತ ಹೇಳಲೇಬೇಕು. ಟೀಚರ್ ಹೇಳಿದ ಕೈ ಎತ್ತೋ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಪಾಪ, ಅದಕ್ಕೆ ಉತ್ತರ ಗೊತ್ತಿತ್ತೇನೋ" ಅಂದಳು. ಆಮೇಲೆ ಪ್ಯಾಚ್ ಹಾಕುವಾಗಲೆಲ್ಲ ಬಲಗಣ್ಣಿಗೆ "ಶ್, ಈಗ ಇದರ ಸರದಿ" ಅಂತಾಳೆ.

ಡಾಕ್ಟರನ್ನ ಕೇಳಿ 2 ಗಂಟೆಯನ್ನ ಎರಡು ಭಾಗ ಮಾಡಿದ್ವಿ. ಬಲೂನ್ ಆಟ ಐದೇ ದಿನಕ್ಕೆ ಬೇಸರ ಆಯ್ತು, ಕೋಡುಗಾರ ಅಣ್ಣ ಹೇಳಿದ ಹಾಗೇ. ಈಗ ಬೆಳಿಗ್ಗೆ ಅವರಪ್ಪನ ಜೊತೆ ಅಡಗಿಸಿಟ್ಟ ವಸ್ತು ಹುಡುಕೋದು, ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಅರ್ಧ ಗಂಟೆ ಫೋನ್, ಉಳಿದದ್ದು ಡಬ್ಬ. ಫೋನ್ ಬೇಡ ಅಂದವರು ಬೆಳಗಿನ ಪಾಳಿ ತಾವೇ ವಹಿಸಿಕೊಂಡರು, ಜಗಳ ಅಲ್ಲಿಗೆ ಮುಗೀತು. ದಿನಕ್ಕೆ ಒಂದೂವರೆ ಗಂಟೆ ಮೇಲೆ ಆಗ್ತಿದೆ. ಕೆಲವು ದಿನ ಪೂರ್ತಿ 2. ಜ್ವರ ಬಂದ ನಾಲ್ಕು ದಿನ ಸೊನ್ನೆ.

ಮತ್ತೆ, ಅಂಟಿಸೋ ಪ್ಯಾಚ್ ಮೇಲೆ ಅವಳೇ ಚಿತ್ರ ಬರೀತಾಳೆ. ಹಾಕೋ ಮೊದಲು ಹತ್ತು ನಿಮಿಷ ಅದೇ ಒಂದು ಆಟ.

ನೇರಮಾತು
ಅಪ್ಪ ಪಾಳಿ ತಗೊಂಡದ್ದು ಓದಿ ಖುಷಿ ಆಯ್ತು. ಅರ್ಧ ಗಂಟೆ ಫೋನ್ ಬಗ್ಗೆ ನನ್ನ ತಕರಾರು ಇನ್ನೂ ಇದೆ, ಆದರೆ ಮಗು ಪ್ಯಾಚ್ ಹಾಕ್ಕೊಳ್ತಿದೆಯಲ್ಲ, ಅದು ದೊಡ್ಡದು.

ಮೂರನೇ ಸಾಲು
"ಈಗ ಇದರ ಸರದಿ" ಅನ್ನೋದನ್ನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಎರಡು ಜಡೆ ಅಮ್ಮ (ಒಂಬತ್ತನೇ ವಾರ)
ಇವತ್ತು ತಪಾಸಣೆ. 6/12! ಬಲಗಣ್ಣು 6/6, ಹಾಗೇ ಇದೆ. ಇನ್ನು ಎಷ್ಟು ದಿನ ಅಂತ ಕೇಳಿದೆ, ಮುಂದುವರಿಸಿ ಅಂದರು.

ಕಣ್ಣಳತೆ
ತುಂಬಾ ಸಂತೋಷ. ಬಲಗಣ್ಣನ್ನೂ ಪ್ರತಿಸಲ ನೋಡಿಸೋದು ಬಿಡಬೇಡಿ. ಮುಚ್ಚಿಟ್ಟ ಒಳ್ಳೇ ಕಣ್ಣು ಅಪರೂಪಕ್ಕೆ ಹಿಂದೆ ಬೀಳಬಹುದು, ಬೇಗ ಗೊತ್ತಾದರೆ ಸರಿ ಮಾಡಬಹುದು. ಇನ್ನು ಪೂರ್ತಿ ಸರಿಹೋದ ದಿನ ಡಬ್ಬವನ್ನ ಅಟ್ಟಕ್ಕೆ ಹಾಕಬೇಡಿ. ಚಿಕಿತ್ಸೆ ನಿಲ್ಲಿಸಿದ ಒಂದು ವರ್ಷದೊಳಗೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ನೋಟ ಮತ್ತೆ ಇಳಿಯುತ್ತೆ. ದಿನಕ್ಕೆ 6-8 ಗಂಟೆ ಹಾಕ್ತಿದ್ದವರಲ್ಲಿ ಒಮ್ಮೆಲೇ ನಿಲ್ಲಿಸಿದಾಗ 42% ಮಕ್ಕಳ ನೋಟ ಇಳಿದರೆ, ಮೊದಲು 2 ಗಂಟೆಗೆ ತಂದು ಆಮೇಲೆ ನಿಲ್ಲಿಸಿದಾಗ 14% ಮಾತ್ರ. ನಿಮ್ಮದು 2 ಗಂಟೆಯೇ, ಆದರೂ ಯಾವಾಗ, ಹೇಗೆ ನಿಲ್ಲಿಸೋದು ಅಂತ ಡಾಕ್ಟರನ್ನೇ ಕೇಳಿ.

ಬೆಳಗಿನ ಬಸ್ಸು
ನಮ್ಮ ಹುಡುಗನದು ಎರಡನೇ ವಾರ. ಚದುರಂಗ ಹಚ್ಚಿಕೊಂಡಿದ್ದಾನೆ, ಹಾಕ್ಕೊಳ್ಳೋಕೆ ತಕರಾರಿಲ್ಲ. ತೆಗೆಯುವಾಗ ಹುಬ್ಬಿನ ಕೂದಲು ಕಿತ್ತು ಬಂದು ಕೂಗ್ತಾನೆ. ಏನು ಮಾಡ್ತೀರಿ?

ಹಗಲುಗನಸು
ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನ ಪ್ಯಾಚ್ ಮೇಲೆ ಒಂದೆರಡು ನಿಮಿಷ ಇಡಿ, ಅಂಟು ಸಡಿಲ ಆಗುತ್ತೆ. ಮೂಗಿನ ಕಡೆಯಿಂದ ನಿಧಾನಕ್ಕೆ ಬಿಡಿಸ್ತಾ ಹೋಗಿ, ಒಂದೇ ಸಲ ಎಳೀಬೇಡಿ.

ಸಂಜಿಮಲ್ಲಿಗಿ
ಅವನ ಕೈಲೇ ತಗಿಸ್ರಿ. ತಾನ ತಗದ್ರ ಅಷ್ಟ ನೋಯೂದಿಲ್ಲ.